ಮೆದುಳು, ನಿದ್ದೆ, ಇಂದ್ರಿಯಗಳು: ಪಿಯುಸಿ ಮಕ್ಕಳೂ ಅವರ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಮಕ್ಕಳಿಗೆ ಮನಃಶಾಸ್ತ್ರ ಹೇಳಿಕೊಡುತ್ತೇನೆ. ಮೆದುಳು, ನಿದ್ದೆ, ಇಂದ್ರಿಯಗಳ ಪಾಠ ಬಂದಾಗ ತರಗತಿಯಲ್ಲಿ ಏಳುವ ಕೈಗಳು ಜಾಸ್ತಿ. ಸಂಜೆಯಾದರೆ ಅದೇ ಪ್ರಶ್ನೆಗಳು ಅಪ್ಪ ಅಮ್ಮಂದಿರಿಂದ ಫೋನಿನಲ್ಲಿ ಬರುತ್ತವೆ. ವರ್ಷ ವರ್ಷ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಿದ್ದೆಯ ಭಾಗ ಉದ್ದವಾಗಿದೆ, ಬೇಕೆಂದೇ ಹಾಗೆ ಮಾಡಿದ್ದೇನೆ. ನನ್ನ ಮುಂದೆ ಕೂರುವ ಮಕ್ಕಳಿಗೆ ಇವತ್ತು ಎಲ್ಲಕ್ಕಿಂತ ಕಮ್ಮಿ ಸಿಗುತ್ತಿರುವುದು ನಿದ್ದೆಯೇ.

ಮನಃಶಾಸ್ತ್ರದಲ್ಲಿ ಮೆದುಳಿನ ಪಾಠ ಯಾಕೆ? ಅದು ಜೀವಶಾಸ್ತ್ರದವರ ಕೆಲಸ ಅಲ್ವಾ?

ಇದಕ್ಕೆ ಉತ್ತರವಾಗಿ ನಾನು ಒಂದು ಕಥೆ ಹೇಳುತ್ತೇನೆ. 1848ರ ಸೆಪ್ಟೆಂಬರ್ 13, ಅಮೆರಿಕದ ವರ್ಮಾಂಟ್ ರಾಜ್ಯ. ರೈಲು ದಾರಿಗಾಗಿ ಬಂಡೆ ಸಿಡಿಸುತ್ತಿದ್ದ ತಂಡಕ್ಕೆ ಫಿನಿಯಾಸ್ ಗೇಜ್ ಮೇಸ್ತ್ರಿ. ವಯಸ್ಸು 25. ಮದ್ದು ತುಂಬುವಾಗ ಕಿಡಿ ಹಾರಿತು. ಒಂದು ಮೀಟರಿಗಿಂತ ಉದ್ದ, ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಸಾಯಲಿಲ್ಲ. ಎದ್ದು ಕೂತ, ಮಾತಾಡಿದ. ಆದರೆ ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿತ್ತು. ಮೊದಲು ನಂಬಿಕಸ್ಥನಾಗಿದ್ದವನು ಆಮೇಲೆ ಮುಂಗೋಪಿಯಾದ, ಹಿಡಿದ ಕೆಲಸ ಮುಗಿಸದವನಾದ. "ಇವನು ನಮ್ಮ ಗೇಜ್ ಅಲ್ಲ" ಎಂದು ಗೆಳೆಯರೇ ಹೇಳಿದರು ಅಂತ ಅವನನ್ನು ನೋಡಿಕೊಂಡ ವೈದ್ಯರು ಬರೆದಿಟ್ಟಿದ್ದಾರೆ.

ಗುಣ, ತಾಳ್ಮೆ, ಮುಂದಾಲೋಚನೆ ಇವೆಲ್ಲ 'ಮನಸ್ಸಿನ' ವಿಷಯ ಅಂದುಕೊಂಡಿದ್ದವರಿಗೆ ಇದು ದೊಡ್ಡ ಪಾಠವಾಯಿತು. ಆದರೆ ಕಥೆಯ ಉಳಿದರ್ಧವನ್ನು ತುಂಬಾ ಜನ ಹೇಳುವುದೇ ಇಲ್ಲ. ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ. ಅದಕ್ಕೆ ಹೊತ್ತು ಹೊತ್ತಿಗೆ ಏಳಬೇಕು, ಕುದುರೆ ಸಂಭಾಳಿಸಬೇಕು, ಪ್ರಯಾಣಿಕರ ಜೊತೆ ಒಗ್ಗಬೇಕು. ಅಂದರೆ ಅವನು ಸಾಕಷ್ಟು ಸುಧಾರಿಸಿಕೊಂಡಿದ್ದ. ಪೆಟ್ಟಾದ ಮೆದುಳೂ ಕಲಿಯುತ್ತದೆ. ತಲೆಗೆ ಪೆಟ್ಟಾದವರು ಮನೆಯಲ್ಲಿದ್ದರೆ ಈ ಉಳಿದರ್ಧವೇ ಮುಖ್ಯ.

ನಾವು ಮೆದುಳಿನ ಶೇ. 10 ಮಾತ್ರ ಬಳಸುತ್ತೇವಂತೆ, ಹೌದಾ?

ಇಲ್ಲ. ಮೆದುಳಿನ ತೂಕ ಮೈತೂಕದ ಶೇ. 2ರಷ್ಟು. ಅದು ನುಂಗುವ ಶಕ್ತಿ ಶೇ. 20ರ ಹತ್ತಿರ. ಹತ್ತರಲ್ಲಿ ಒಂಬತ್ತು ಪಾಲು ಖಾಲಿ ಕೂತಿದ್ದರೆ ಇಷ್ಟು ಅನ್ನ ಅದಕ್ಕೆ ಯಾಕೆ ಬೇಕು? ಪಾರ್ಶ್ವವಾಯುವಿನಲ್ಲಿ ಸಣ್ಣ ಜಾಗಕ್ಕೆ ರಕ್ತ ನಿಂತರೂ ಕೈಯೋ ಮಾತೋ ಹೋಗಬಹುದು. ಸುಮ್ನೆ ಇರುವ ಭಾಗ ಅಂತ ಯಾವುದೂ ಇಲ್ಲ.

'ನಡುಮೆದುಳು ಚುರುಕು' ತರಗತಿಗೆ ಮಗುವನ್ನು ಸೇರಿಸೋಣವಾ? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತಾರಂತೆ.

ದಯವಿಟ್ಟು ಬೇಡ. ಮಿಡ್‌ಬ್ರೇನ್ ಆಕ್ಟಿವೇಶನ್ ಅನ್ನುವ ಹೆಸರಲ್ಲಿ ನಡೆಯುವ ಈ ತರಗತಿಗಳಿಗೆ ಪಾಲಕರು ಸಾವಿರಗಟ್ಟಲೆ ರೂಪಾಯಿ ಸುರಿಯುತ್ತಿರುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ನಡುಮೆದುಳು ಎಲ್ಲ ಮಕ್ಕಳಲ್ಲೂ ಹುಟ್ಟಿನಿಂದಲೇ ಕೆಲಸ ಮಾಡುತ್ತಿರುತ್ತದೆ. ಕಣ್ಣು ಹೊರಳಿಸುವುದು, ಬೆಳಕಿಗೆ ಕಣ್ಣಪಾಪೆ ಕಿರಿದಾಗಿಸುವುದು, ಸದ್ದು ಬಂದ ಕಡೆ ತಿರುಗಿಸುವುದು ಇಂಥವು ಅದರ ಕೆಲಸ. ಅದನ್ನು ಯಾರೂ ಹೊಸದಾಗಿ 'ಆನ್' ಮಾಡಬೇಕಿಲ್ಲ.

ಬಟ್ಟೆ ಕಟ್ಟಿದರೂ ಮೂಗಿನ ಪಕ್ಕದಲ್ಲಿ ಸಣ್ಣ ಸಂದಿ ಉಳಿಯುತ್ತದೆ. ಅಲ್ಲಿಂದ ಕೆಳಗೆ ಹಿಡಿದ ಪುಸ್ತಕ ಕಾಣುತ್ತದೆ. ಗಲ್ಲದ ಕೆಳಗೆ ಒಂದು ರಟ್ಟು ಅಡ್ಡ ಹಿಡಿಯಿರಿ, ಅಥವಾ ಪುಸ್ತಕವನ್ನು ತಲೆಗಿಂತ ಮೇಲೆ ಹಿಡಿಯಿರಿ. ಓದು ನಿಂತುಹೋಗುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇಂಥದ್ದನ್ನು ಜನರ ಮುಂದೆಯೇ ಬಯಲು ಮಾಡಿದ್ದಾರೆ. ನನ್ನ ಚಿಂತೆ ಹಣದ್ದಷ್ಟೇ ಅಲ್ಲ. ದೊಡ್ಡವರನ್ನು ಮೆಚ್ಚಿಸಲು ಇಣುಕಿ ನೋಡಿ 'ನೋಡಿಲ್ಲ' ಅನ್ನುವ ಸುಳ್ಳನ್ನು ಮಗು ಕಲಿಯುತ್ತದೆ.

ಎಡಮೆದುಳಿನವರು ಲೆಕ್ಕದಲ್ಲಿ, ಬಲಮೆದುಳಿನವರು ಕಲೆಯಲ್ಲಿ ಮುಂದು ಅಂತಾರೆ?

ಅರ್ಧ ಸತ್ಯವನ್ನು ಎಳೆದು ಉದ್ದ ಮಾಡಿದ ಮಾತು ಇದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಬಳಿ ಒಬ್ಬ ರೋಗಿ ಇದ್ದ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು 'ಟಾನ್' ಅನ್ನುವ ಒಂದೇ ಸದ್ದು. ಸತ್ತ ಮೇಲೆ ನೋಡಿದರೆ ಮೆದುಳಿನ ಎಡ ಮುಂಭಾಗ ಹಾಳಾಗಿತ್ತು. ಹೆಚ್ಚಿನವರಲ್ಲಿ ಮಾತಿನ ಮುಖ್ಯ ಕೆಲಸ ಎಡಗಡೆಯೇ ನಡೆಯುತ್ತದೆ, ನಿಜ. ಆದರೆ ಎರಡು ಪಾಲುಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ ಇದೆ. ಲೆಕ್ಕ ಮಾಡುವಾಗಲೂ ವೀಣೆ ನುಡಿಸುವಾಗಲೂ ಎರಡೂ ಪಾಲು ದುಡಿಯುತ್ತವೆ. ಮಗುವಿಗೆ 'ನೀನು ಬಲಮೆದುಳಿನವಳು, ಗಣಿತ ನಿನಗಲ್ಲ' ಅಂತ ಹಣೆಪಟ್ಟಿ ಹಚ್ಚಬೇಡಿ.

ನಿದ್ದೆ ಅಂದರೆ ಮೆದುಳಿಗೆ ರಜೆ ತಾನೆ?

1950ರ ದಶಕದವರೆಗೆ ವಿಜ್ಞಾನಿಗಳೂ ಹೆಚ್ಚುಕಮ್ಮಿ ಹಾಗೇ ಅಂದುಕೊಂಡಿದ್ದರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಅನ್ನುವ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನ ತಲೆಗೂ ಕಣ್ಣಿನ ಬದಿಗೂ ತಂತಿ ಅಂಟಿಸಿ ಮಲಗಿಸಿದ. ರಾತ್ರಿ ಯಂತ್ರದ ಮುಳ್ಳು ಜೋರಾಗಿ ಅಲ್ಲಾಡತೊಡಗಿತು. ಮಗ ಎದ್ದನೇನೋ ಅಂತ ಹೋಗಿ ನೋಡಿದರೆ ನಿದ್ದೆಯಲ್ಲೇ ಇದ್ದಾನೆ. ರೆಪ್ಪೆಯ ಒಳಗೆ ಮಾತ್ರ ಕಣ್ಣುಗುಡ್ಡೆ ಸರಸರ ಓಡುತ್ತಿವೆ. ಅವನೂ ಅವನ ಗುರು ನಥಾನಿಯಲ್ ಕ್ಲೈಟ್‌ಮನ್ನೂ 1953ರಲ್ಲಿ ಇದನ್ನು ಪ್ರಕಟಿಸಿದರು. ಇದೇ ರೆಮ್ ನಿದ್ದೆ (ರ‍್ಯಾಪಿಡ್ ಐ ಮೂವ್‌ಮೆಂಟ್, ಅಂದರೆ ಕಣ್ಣು ವೇಗವಾಗಿ ಓಡುವ ನಿದ್ದೆ). ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಮೆದುಳಿನ ಅಲೆಗಳು ಆಗ ಎಚ್ಚರವಿದ್ದಾಗಿನ ಹಾಗೇ ಕಾಣುತ್ತವೆ.

ರಾತ್ರಿಯ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಜೊಂಪು, ಹಗುರ ನಿದ್ದೆ, ಗಾಢ ನಿದ್ದೆ, ಆಮೇಲೆ ರೆಮ್. ಮತ್ತೆ ಮೊದಲಿಂದ. ರಾತ್ರಿಗೆ ನಾಲ್ಕೈದು ಸುತ್ತು. ರಾತ್ರಿಯ ಮೊದಲರ್ಧದಲ್ಲಿ ಗಾಢ ನಿದ್ದೆ ಜಾಸ್ತಿ, ಬೆಳಗಿನ ಜಾವಕ್ಕೆ ರೆಮ್ ಜಾಸ್ತಿ. ಎಂಟು ಗಂಟೆಯ ನಿದ್ದೆಯಲ್ಲಿ ಕೊನೆಯ ಎರಡು ಗಂಟೆ ಕತ್ತರಿಸಿದರೆ ಕಾಲು ಭಾಗ ಹೋಯಿತು ಅಂತ ಅಲ್ಲ. ರೆಮ್‌ನ ದೊಡ್ಡ ಪಾಲೇ ಹೋಗುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ ಪೂರ್ತಿ ಓದಿದರೆ ಏನು ತಪ್ಪು?

ನಾನೂ ಮಾಡಿದ್ದೆ. ಪದವಿಯ ಎರಡನೇ ವರ್ಷ, ಎರಡು ರಾತ್ರಿ ನಿದ್ದೆಗೆಟ್ಟು ಓದಿದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಉತ್ತರ ಪುಟದ ಯಾವ ಮೂಲೆಯಲ್ಲಿತ್ತು ಅನ್ನುವುದು ನೆನಪಿತ್ತು, ಉತ್ತರ ನೆನಪಿರಲಿಲ್ಲ. ಆ ಮೂರು ಗಂಟೆ ಇವತ್ತಿಗೂ ಮರೆತಿಲ್ಲ.

ಯಾಕೆ ಹೀಗಾಗುತ್ತದೆ? ಕಿವಿಯ ಮಟ್ಟದಲ್ಲಿ, ಮೆದುಳಿನ ಒಳಗೆ ಎರಡೂ ಕಡೆ ಹಿಪ್ಪೋಕ್ಯಾಂಪಸ್ ಅನ್ನುವ ಭಾಗ ಇದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅನ್ನುವವನಿಗೆ ಮೂರ್ಛೆರೋಗ ತಡೆಯಲೆಂದು ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಕಡೆ ಆ ಭಾಗದ ಬಹುಪಾಲು ತೆಗೆದುಬಿಟ್ಟರು. ಮೂರ್ಛೆ ಕಮ್ಮಿಯಾಯಿತು. ಆದರೆ 2008ರಲ್ಲಿ ಸಾಯುವವರೆಗೂ ಹೊಸ ನೆನಪು ಅವನಲ್ಲಿ ನಿಲ್ಲಲಿಲ್ಲ. ಇವತ್ತು ಭೇಟಿಯಾದವರು ನಾಳೆ ಅಪರಿಚಿತರು. ಹಳೆಯ ನೆನಪುಗಳು ಮಾತ್ರ ಎಷ್ಟೋ ಉಳಿದಿದ್ದವು. ಇದರಿಂದ ಗೊತ್ತಾಗಿದ್ದು ಇಷ್ಟು: ಹಿಪ್ಪೋಕ್ಯಾಂಪಸ್ ಹೊಸ ಸಂಗತಿಗಳು ಮೊದಲು ಬಂದು ಬೀಳುವ ಅಂಗಳದ ಹಾಗೆ. ಕಣಜ ಬೇರೆ ಕಡೆ ಇದೆ.

ಅಂಗಳದಿಂದ ಕಣಜಕ್ಕೆ ತುಂಬುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಹಗಲು ಇಲಿ ಓಡಾಡಿದಾಗ ಒಟ್ಟಿಗೆ ಮಿಡಿದ ಹಿಪ್ಪೋಕ್ಯಾಂಪಸ್ಸಿನ ಕೋಶಗಳು, ಅದು ಮಲಗಿದಾಗ ಮತ್ತೆ ಒಟ್ಟಿಗೆ ಮಿಡಿಯುತ್ತವೆ ಎಂದು 1994ರಲ್ಲೇ ಕಂಡುಕೊಂಡರು. ಓದಿದ್ದನ್ನು ಮೆದುಳು ಮಲಗಿದಾಗ ತಾನೇ ಪುನರಾವರ್ತನೆ ಮಾಡುತ್ತದೆ, ಅದೂ ಪುಕ್ಕಟೆಯಾಗಿ. ನಿದ್ದೆಗೆಟ್ಟವರು ಆ ಪಾಳಿಯನ್ನೇ ರದ್ದು ಮಾಡುತ್ತಾರೆ.

1964ರ ಹೊಸ್ತಿಲಲ್ಲಿ ಅಮೆರಿಕದ ರ‍್ಯಾಂಡಿ ಗಾರ್ಡ್ನರ್ ಅನ್ನುವ 17ರ ಹುಡುಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ 264 ಗಂಟೆ ಎಚ್ಚರವಿದ್ದ. ಹನ್ನೊಂದು ದಿನ! ಕೊನೆಗೆ 100ರಿಂದ ಏಳೇಳು ಕಳೆಯುತ್ತಾ ಹೋಗು ಅಂದರೆ 65ಕ್ಕೆ ಬಂದು ನಿಂತ. ಯಾಕೆ ನಿಂತೆ ಅಂದರೆ, ಏನು ಮಾಡುತ್ತಿದ್ದೆ ಅನ್ನುವುದೇ ಮರೆತಿತ್ತು. ಇದನ್ನು ಯಾರೂ ಮಾಡಿನೋಡಬೇಡಿ.

ನನ್ನ ಸಲಹೆ ಸರಳ. ರಾತ್ರಿ ಹತ್ತೂವರೆಗೆ ಪುಸ್ತಕ ಮುಚ್ಚಿ. ಬೆಳಗ್ಗೆ ಎದ್ದು, ಪುಸ್ತಕ ತೆರೆಯದೆ, ನೆನಪಿರುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ನೋಡಿ.

ಮಗ ಬೆಳಗ್ಗೆ ಏಳುವುದೇ ಇಲ್ಲ. ಸೋಮಾರಿತನ ಅಲ್ವಾ?

ಬಹಳ ಸಲ ಅಲ್ಲ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಸುಮಾರು 20,000 ನರಕೋಶಗಳ ಒಂದು ಗಡಿಯಾರ ಇದೆ. ಬೆಳಕು ನೋಡಿ ಅದು ತನ್ನನ್ನು ಸರಿಮಾಡಿಕೊಳ್ಳುತ್ತದೆ. ಕತ್ತಲಾದರೆ, ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಬಿಡಲು ಹೇಳುತ್ತದೆ. ಹರೆಯದಲ್ಲಿ ಈ ಗಡಿಯಾರ ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ಹಾಗಾಗಿ ಒಂಬತ್ತಕ್ಕೆ ಮಲಗು ಅಂದರೆ ಅವರಿಗೆ ನಿದ್ದೆ ಬರುವುದಿಲ್ಲ. ಐದಕ್ಕೆ ಏಳು ಅಂದರೆ ಅವರ ಮೈಗೆ ಅದು ಇನ್ನೂ ನಡುರಾತ್ರಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ದೊಡ್ಡವರಿಗೆ ಕನಿಷ್ಠ 7.

ಇದರ ಮೇಲೆ ಹಾಸಿಗೆಯಲ್ಲಿ ಫೋನು ಸೇರಿದರೆ ಗಡಿಯಾರ ಇನ್ನಷ್ಟು ಹಿಂದೆ ಹೋಗುತ್ತದೆ. ಬೆಳಕಿನ ದೋಷ ಸ್ವಲ್ಪ, 'ಇನ್ನೊಂದು ವಿಡಿಯೊ' ಅನ್ನುವ ಆಸೆಯದು ಜಾಸ್ತಿ. ಬೈಯುವುದಕ್ಕಿಂತ ಬೆಳಗ್ಗೆ ಎದ್ದ ಕೂಡಲೇ ಹುಡುಗನನ್ನು ಬಿಸಿಲಿಗೆ ಕಳಿಸಿ, ಹಾಲು ತರುವುದಕ್ಕಾದರೂ ಸರಿ. ಗಡಿಯಾರ ಮುಂದಕ್ಕೆ ಸರಿಯಲು ಬೆಳಗಿನ ಬೆಳಕಿಗಿಂತ ಒಳ್ಳೆಯ ಮದ್ದಿಲ್ಲ.

ನಸುಕಿನ ನಾಲ್ಕಕ್ಕೆ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಅಂತ ಅಜ್ಜಂದಿರು ಹೇಳುತ್ತಿದ್ದರು. ಅವರ ಕಾಲದಲ್ಲಿ ಎಂಟಕ್ಕೆಲ್ಲ ದೀಪ ಆರುತ್ತಿತ್ತು. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಏಳಿ ಅಂತ ಅವರು ಯಾರೂ ಹೇಳಿಲ್ಲ.

ಸಂಜೆ ಐದರ ಫಿಲ್ಟರ್ ಕಾಫಿ ನಿದ್ದೆ ಕೆಡಿಸುತ್ತದೆಯೇ?

ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಕಣ್ಣೆಳೆಯುವುದು ಅದರಿಂದ. ಕಾಫಿಯಲ್ಲಿರುವ ಕೆಫೀನ್ ಅದರ ಕುರ್ಚಿಯಲ್ಲಿ ತಾನು ಕೂತುಬಿಡುತ್ತದೆ. ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ಬಾಗಿಲಲ್ಲಿ ಕಾಯುತ್ತಿರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದಾರು ಗಂಟೆ ಬೇಕು. ಅಂದರೆ ಐದರ ಕಾಫಿಯ ಅರ್ಧ ಭಾಗ ಹತ್ತೂವರೆಗೂ ಮೈಯಲ್ಲೇ ಇದೆ. 'ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ' ಅನ್ನುವವರಿದ್ದಾರೆ. ನಿದ್ದೆ ಬರಬಹುದು, ಆದರೆ ಗಾಢ ನಿದ್ದೆ ಕಮ್ಮಿಯಾಗುತ್ತದೆ. ಮಧ್ಯಾಹ್ನ ಎರಡರ ಒಳಗೆ ಕುಡಿದು ಮುಗಿಸಿ.

ಯಕ್ಷಗಾನ ಎಷ್ಟೇ ರಂಗೇರಿದರೂ ಬೆಳಗಿನ ಜಾವ ತೂಕಡಿಕೆ ಬರುತ್ತದಲ್ಲ, ಯಾಕೆ?

ಬೆಳಗಿನ ಜಾವ ಮೂರರಿಂದ ಐದರ ನಡುವೆ ಮೈ ಬಿಸಿ ದಿನದಲ್ಲೇ ಅತಿ ಕಮ್ಮಿ ಇರುತ್ತದೆ. ನಿದ್ದೆಯ ಸೆಳೆತ ಅತಿ ಜಾಸ್ತಿ. ಚೆಂಡೆ ಕಿವಿಯ ಪಕ್ಕದಲ್ಲಿದ್ದರೂ ಗಡಿಯಾರ ಬಿಡುವುದಿಲ್ಲ. ಬಯಲಾಟದಲ್ಲಿ ತೂಕಡಿಸಿದರೆ ಒಂದು ಪದ್ಯ ತಪ್ಪುತ್ತದೆ, ಅಷ್ಟೇ. ಆಟ ಮುಗಿಸಿ ಅದೇ ಹೊತ್ತಿಗೆ ಬೈಕೋ ಕಾರೋ ಹತ್ತಿದರೆ ಜೀವಕ್ಕೇ ಕುತ್ತು. ಕಣ್ಣು ತೆರೆದಿದ್ದರೂ ಮೆದುಳು ಮೂರ್ನಾಲ್ಕು ಸೆಕೆಂಡು ನಿದ್ದೆಗೆ ಜಾರಬಲ್ಲದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಅಂದರೆ 50 ಮೀಟರ್. ಕಿಟಕಿ ತೆಗೆಯುವುದು, ಹಾಡು ಹಾಕುವುದು ಇವೆಲ್ಲ ಸಾಲದು. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ.

ಎಚ್ಚರ ಇದೆ, ಆದರೆ ಕೈಕಾಲು ಆಡುವುದಿಲ್ಲ. ಯಾರೋ ಎದೆ ಮೇಲೆ ಕೂತು ಅಮುಕಿದ ಹಾಗೆ. ಇದು ದೆವ್ವವೇ?

ಈ ಪ್ರಶ್ನೆಯನ್ನು ಮಕ್ಕಳು ತರಗತಿಯಲ್ಲಿ ಕೇಳುವುದಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ. ಮೊದಲಿಗೆ ಹೇಳುವುದು: ನಿನಗೊಬ್ಬಳಿಗೇ ಅಲ್ಲ, ಬಹಳ ಜನರಿಗೆ ಆಗುತ್ತದೆ.

ರೆಮ್ ನಿದ್ದೆಯಲ್ಲಿ ಮೆದುಳು ಕೈಕಾಲಿನ ಸ್ನಾಯುಗಳನ್ನು ಬೀಗ ಹಾಕಿ ಇಡುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದವರು ನಿಜವಾಗಿ ಎದ್ದು ಓಡಿಬಿಡುತ್ತಿದ್ದರು. ಕಣ್ಣಿಗೂ ಉಸಿರಾಟದ ಮುಖ್ಯ ಸ್ನಾಯುವಿಗೂ ಮಾತ್ರ ಬೀಗ ಇಲ್ಲ. ಕೆಲವು ಸಲ ಎಚ್ಚರ ಮೊದಲು ಬರುತ್ತದೆ, ಬೀಗ ತೆಗೆಯುವುದು ತಡವಾಗುತ್ತದೆ. ಕೋಣೆ ಕಾಣುತ್ತದೆ, ಕನಸಿನ ತುಣುಕೂ ಕಣ್ಣೆದುರು ಉಳಿದಿರುತ್ತದೆ. ಜೋರಾಗಿ ಉಸಿರೆಳೆಯಲು ಹೋದರೆ ಎದೆ ಮಾತು ಕೇಳುವುದಿಲ್ಲ. ಅದೇ ಭಾರ ಅನ್ನಿಸುತ್ತದೆ. ಹೆದರಿದ ಮೆದುಳು ಆ ಭಾರಕ್ಕೆ ಒಂದು ಆಕಾರ ಕೊಡುತ್ತದೆ. ಜಪಾನಿನಲ್ಲಿ ಇದಕ್ಕೆ ಕನಶಿಬಾರಿ ಅಂತ ಹೆಸರಿದೆ. ನಮ್ಮಲ್ಲಿ ದಿಂಬಿನ ಕೆಳಗೆ ಕಬ್ಬಿಣ ಇಡುವ ಮನೆಗಳಿವೆ.

ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದೊಳಗೆ ಅದು ತಾನಾಗಿಯೇ ಬಿಡುತ್ತದೆ. ಒಂದು ಬೆರಳನ್ನು ಮಾತ್ರ ಆಡಿಸಲು ನೋಡಿ. ನಿದ್ದೆಗೆಟ್ಟಾಗ, ಅಂಗಾತ ಮಲಗಿದಾಗ ಇದು ಜಾಸ್ತಿ. ಹಗಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಗೊರಕೆ ಹೊಡೆಯುವವರಿಗೆ ಒಳ್ಳೆಯ ನಿದ್ದೆ ಅಲ್ವಾ?

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಅನ್ನುತ್ತೇವೆ. ಆದರೆ ಸಂತೆಯಲ್ಲೂ ಬಸ್ಸಿನಲ್ಲೂ ಕೂತಲ್ಲೇ ನಿದ್ದೆ ಹೋಗುವವರಿಗೆ ರಾತ್ರಿ ಸರಿಯಾದ ನಿದ್ದೆ ಸಿಗುತ್ತಿಲ್ಲದೆಯೂ ಇರಬಹುದು. ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗಾಗಿ ಗಕ್ಕನೆ ಮತ್ತೆ ಶುರು, ಹಗಲೆಲ್ಲ ಮಂಪರು. ಇವು ಮೂರೂ ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಬಿಟ್ಟರೆ ರಕ್ತದೊತ್ತಡ ಏರುತ್ತದೆ. ಇದಕ್ಕೆ ಚಿಕಿತ್ಸೆ ಇದೆ. ಅಪ್ಪನ ಗೊರಕೆಯನ್ನು ನಗೆಯ ವಿಷಯ ಮಾಡಬೇಡಿ.

ಇಂದ್ರಿಯಗಳು ಐದೇ ತಾನೆ? ಹಾಗಾದರೆ ಘಾಟಿಯಲ್ಲಿ ವಾಂತಿ ಯಾಕೆ?

ಐದಕ್ಕಿಂತ ಜಾಸ್ತಿ. ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಿಕೊಳ್ಳಿ. ಕೈ ಎಲ್ಲಿದೆ ಅಂತ ಹೇಗೆ ಗೊತ್ತಾಯಿತು? ಸ್ನಾಯು, ಕೀಲುಗಳಲ್ಲಿರುವ ಇನ್ನೊಂದು ಅರಿವಿನಿಂದ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ಕೊಳವೆಗಳಿವೆ. ತಲೆ ತಿರುಗಿದ್ದನ್ನು ಅವು ಹೇಳುತ್ತವೆ. ಆಗುಂಬೆಯೋ ಚಾರ್ಮಾಡಿಯೋ ಹತ್ತುವಾಗ ನೀವು ಫೋನು ನೋಡುತ್ತಿದ್ದರೆ ಕಣ್ಣು 'ಅಲುಗಾಟ ಇಲ್ಲ' ಅನ್ನುತ್ತದೆ. ಕಿವಿ 'ತಿರುಗುತ್ತಿದ್ದೇವೆ' ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಡ್ರೈವರಿಗೆ ಹಾಗಾಗುವುದು ಅಪರೂಪ, ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು. ಮುಂದಿನ ಸೀಟಿನಲ್ಲಿ ಕೂತು ದೂರದ ದಾರಿ ನೋಡಿ.

ಕಣ್ಣು ಕಂಡದ್ದೆಲ್ಲ ನಿಜವೇ?

ಈಗಲೇ ಪರೀಕ್ಷಿಸಿ. ಹಾಳೆಯ ಎಡಕ್ಕೆ ಒಂದು ಕೂಡುವ ಗುರುತು, ಅದರಿಂದ ಎಂಟು ಸೆಂಟಿಮೀಟರ್ ಬಲಕ್ಕೆ ಕಾಳುಮೆಣಸಿನಷ್ಟು ದಪ್ಪದ ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡುವ ಗುರುತನ್ನೇ ನೋಡುತ್ತಾ ಹಾಳೆಯನ್ನು ನಿಧಾನ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಅಕ್ಷಿಪಟದಿಂದ ನರ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಅಲ್ಲಿ ನೀವು ಕುರುಡರು.

ಆದರೆ ಚುಕ್ಕೆ ಇದ್ದ ಜಾಗ ಕಪ್ಪಾಗಿ ಕಾಣುವುದಿಲ್ಲ, ಬಿಳಿ ಹಾಳೆಯೇ ಕಾಣುತ್ತದೆ. ಸುತ್ತ ಬಿಳಿ ಇದೆ, ಇಲ್ಲೂ ಬಿಳಿಯೇ ಇರಬೇಕು ಅಂತ ಮೆದುಳು ತುಂಬಿಬಿಟ್ಟಿತು. ಗೆರೆ ಎಳೆದ ಹಾಳೆಯಲ್ಲಿ ಮಾಡಿದರೆ ಗೆರೆಯನ್ನೂ ಎಳೆದುಕೊಡುತ್ತದೆ! ಈ ಪಾಠ ಮಾಡುವಾಗ ಪ್ರತಿ ವರ್ಷ ತರಗತಿಯಲ್ಲಿ 'ಅಯ್ಯೋ' ಅನ್ನುವ ಸದ್ದು ಏಳುತ್ತದೆ. ನನಗೆ ಅದನ್ನು ಕೇಳುವುದೇ ಖುಷಿ.

ಮೆಣಸಿನಕಾಯಿ ಖಾರ ಒಂದು ರುಚಿಯೇ?

ಅದು ಬಿಸಿ ಮತ್ತು ನೋವು. ಸುಮಾರು 43 ಡಿಗ್ರಿ ದಾಟಿದ ಬಿಸಿಗೆ ಎಚ್ಚರಿಸುವ ಬಾಗಿಲೊಂದು ನರದ ತುದಿಯಲ್ಲಿದೆ. ಮೆಣಸಿನ ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ. ಆದ್ದರಿಂದಲೇ ನಾಲಗೆ 'ಉರಿ' ಅನ್ನುತ್ತದೆ, ಮೈ ಬೆವರುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾಲು ಸಿಕ್ಕಿತು. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಈ ವಸ್ತು ಕಮ್ಮಿ. ಗುಂಟೂರಿನದರಲ್ಲಿ ಜಾಸ್ತಿ. ಕ್ಯಾಪ್ಸೈಸಿನ್ ನೀರಲ್ಲಿ ಕರಗುವುದಿಲ್ಲ, ಹಾಗಾಗಿ ನೀರು ಕುಡಿದರೆ ಉರಿ ಹೋಗದು. ಮೊಸರಿನ ಕೊಬ್ಬು, ಪ್ರೋಟೀನು ಅದನ್ನು ಹಿಡಿದು ಒಯ್ಯುತ್ತವೆ.

ನೆಗಡಿಯಾದಾಗ ಊಟ ರುಚಿಸುವುದಿಲ್ಲ ಯಾಕೆ?

ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೆಟೊಗಳಲ್ಲಿ ಸಿಗುವ ಮಾಂಸದಂಥ ರುಚಿ) ಇಷ್ಟೇ ನಾಲಗೆಯ ಪಾಲು. ಸಾರಿನ ಒಗ್ಗರಣೆ, ಇಂಗು, ಕರಿಬೇವು ಇವೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಹತ್ತುವ ವಾಸನೆ. ಮೂಗು ಕಟ್ಟಿದರೆ ಸಾರು ಬರೀ ಹುಳಿ ಉಪ್ಪಿನ ನೀರು. ಕೋವಿಡ್ ಬಂದಾಗ ಎಷ್ಟೋ ಮನೆಗಳಿಗೆ ಇದು ಅನುಭವಕ್ಕೇ ಬಂತು.

ನಿಜವಾದ ಮೆದುಳನ್ನು ನೋಡಲು ಸಿಗುತ್ತದೆಯೇ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಮೊದಲೇ ವಿಚಾರಿಸಿಕೊಂಡು. ದಾನವಾಗಿ ಬಂದ ಮೆದುಳುಗಳವು. ಕೈಯಲ್ಲಿ ಹಿಡಿಯಲೂ ಕೊಡುತ್ತಾರೆ. ಜೀವಂತ ಮೆದುಳು ಗಿಣ್ಣಿನಷ್ಟು ಮೆತ್ತಗೆ, ಔಷಧದಲ್ಲಿ ಇಟ್ಟಿದ್ದರಿಂದ ಇವು ಗಟ್ಟಿ.

ನಮ್ಮ ನಾಡಿಗೆ ಈ ವಿಷಯ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಬಾನುಲಿ ನಡೆಸಿದವರು.

ನಿದ್ದೆ ಬಾರದಿದ್ದರೆ ಯಾವಾಗ ಸಹಾಯ ಕೇಳಬೇಕು?

ಪರೀಕ್ಷೆ, ಸಾವು, ಜಗಳ ಇಂಥ ಕಾರಣಕ್ಕೆ ನಾಲ್ಕು ದಿನ ನಿದ್ದೆ ಕೆಡುವುದು ಸಹಜ. ವಾರಕ್ಕೆ ಮೂರು ರಾತ್ರಿಯಂತೆ ವಾರಗಟ್ಟಲೆ ಮುಂದುವರಿದರೆ, ಜೊತೆಗೆ ಮನಸ್ಸು ಕುಗ್ಗಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ ಕಾಯಬೇಡಿ. ಔಷಧದಂಗಡಿಯಲ್ಲಿ ಕೇಳಿ ನಿದ್ದೆ ಮಾತ್ರೆ ತರಬೇಡಿ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಹೇಳುವ ಚಿಕಿತ್ಸೆ ಮಾತುಕತೆಯ ರೂಪದ್ದೇ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ದಿನದ 24 ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.